ಕುಣಿಯುವುದಕ್ಕೂ ಓದು ಬೇಕೆ?

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನೃತ್ಯದ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ನಗು ಬಂದಿತು. ನಾವು ಬಿ.ಕಾಂ. ಓದಿ ಬ್ಯಾಂಕಿನ ಗುಮಾಸ್ತೆಗಿರಿಗೆ ಸೇರಿದವರು. ದಿನವೆಲ್ಲ ಕೌಂಟರಿನ ಹಿಂದೆ ಕುಳಿತಿರುವವರಿಗೂ ಕುಣಿತಕ್ಕೂ ಏನು ನಂಟು ಎಂದು ತಾವು ಕೇಳಬಹುದು. ನಂಟು ನಮ್ಮ ಮನೆಯೊಳಗೇ ಹುಟ್ಟಿಕೊಂಡಿದೆ. ಅದನ್ನು ಮುಚ್ಚಿಡದೆ ಹೇಳಿಬಿಡುತ್ತೇವೆ.

ನಮ್ಮ ಅಕ್ಕನ ಮಗಳು ನಮ್ಮಲ್ಲಿಯೇ ಇದ್ದು ಓದುತ್ತಿದ್ದಾಳೆ. ಈ ವರ್ಷ ಹನ್ನೆರಡನೆಯ ತರಗತಿ. ಹೋದ ತಿಂಗಳು ಒಂದು ರಾತ್ರಿ ಊಟಕ್ಕೆ ಕುಳಿತಾಗ, “ಮಾಮ, ನಾನು ಬಿ.ಕಾಂ. ಮಾಡೋದಿಲ್ಲ. ಬೆಂಗಳೂರಿಗೆ ಹೋಗಿ ಡ್ಯಾನ್ಸಿನಲ್ಲೇ ಡಿಗ್ರಿ ಮಾಡ್ತೀನಿ. ಹಳೇ ಡ್ಯಾನ್ಸ್ ಅಷ್ಟೇ ಅಲ್ಲ, ಈಗಿನ ಕಾಲದ್ದೂ ಕಲೀತೀನಿ” ಎಂದಳು. ನಮ್ಮ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಮ್ಮ ತಾಯಿಯವರು, “ಕುಣಿಯೋದಕ್ಕೂ ಡಿಗ್ರಿಯೇನೇ?” ಎಂದು ಸಾರಿನ ಪಾತ್ರೆಯನ್ನು ಸದ್ದಾಗುವಂತೆ ಕೆಳಗಿಟ್ಟರು. ನಾವು ಜಾಣತನದಿಂದ “ಆಗಲಿ, ನೋಡೋಣ” ಎಂದೆವು. ಗುಮಾಸ್ತರ ಭಾಷೆಯಲ್ಲಿ, ಅರ್ಜಿಯನ್ನು ಕಟ್ಟಿನ ಅಡಿಗೆ ಸೇರಿಸಿದೆವು ಎಂದರ್ಥ. ಹುಡುಗಿ ಬಿಡಲಿಲ್ಲ. “ನೋಡೋದಾದ್ರೆ ಮೊದಲು ಮಾಯಾ ರಾವ್ ಯಾರು ಅಂತ ನೋಡಿ” ಎಂದಳು. ನೋಡಿದೆವು. ನೋಡಿದುದನ್ನೇ ಈಗ ತಮ್ಮ ಮುಂದಿಡುತ್ತಿದ್ದೇವೆ.

ಮಾಯಾ ರಾವ್ ಹುಟ್ಟಿದುದು ೧೯೨೮ರಲ್ಲಿ, ಬೆಂಗಳೂರಿನ ಮಲ್ಲೇಶ್ವರದಲ್ಲಿ. ತಂದೆ ಹಟ್ಟಂಗಡಿ ಸಂಜೀವರಾವ್ ಅವರು ಕಟ್ಟಡಗಳ ನಕ್ಷೆ ತಯಾರಿಸುವ ವಾಸ್ತುಶಿಲ್ಪಿ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಕುಣಿಯಬಾರದೆಂದು ಜನ ನಂಬಿದ್ದ ಕಾಲ. ಆ ತಂದೆ ಉದಯಶಂಕರರ ತಂಡದ ನೃತ್ಯವನ್ನು ನೋಡಿ ಮನಸೋತು, ಮಕ್ಕಳಿಗೆ ಪಾಠ ಹೇಳಿಸಲು ನಿಶ್ಚಯಿಸಿದರು. ಪಾಠ ಕಿರಿಯ ಮಕ್ಕಳಿಗೆ ಮಾತ್ರ. ಹನ್ನೆರಡು ತುಂಬಿದ ಮಾಯಾಗೆ ವಯಸ್ಸು ಮೀರಿತೆಂದರು! ಹಟ ಹಿಡಿದು ಆಕೆ ಜೈಪುರ ಘರಾಣೆಯ ಸೋಹನಲಾಲ್ ಅವರಲ್ಲಿ ಕಥಕ್ ಕಲಿತರು. ಮುಂದೆ ತಂದೆ ತೀರಿಕೊಂಡು ಮನೆಯ ಭಾರ ಹೆಗಲಿಗೆ ಬಿದ್ದಾಗ, ಹದಿನೇಳರ ಆ ಹುಡುಗಿ ನೃತ್ಯ ಕಲಿಸಿಯೇ ಸಂಸಾರಕ್ಕೆ ಆಸರೆಯಾದರು. ಈ ಭಾಗವನ್ನು ನಾವು ನಮ್ಮ ತಾಯಿಯವರಿಗೆ ಎರಡು ಸಲ ಹೇಳಿದ್ದೇವೆ.

ಆಮೇಲೆ ಅವರು ಬಂದುದು ನಮ್ಮ ಈ ದೆಹಲಿಗೇ. ಇಲ್ಲಿ ಶಂಭು ಮಹಾರಾಜರ ಬಳಿ ಕಲಿತರು. ೧೯೬೦ರಲ್ಲಿ ವಿದ್ಯಾರ್ಥಿವೇತನ ದೊರೆತು ಸೋವಿಯತ್ ದೇಶಕ್ಕೆ ಹೋಗಿ, ಕೊರಿಯಾಗ್ರಫಿ ಎಂಬ ವಿದ್ಯೆಯನ್ನು ಓದಿ ೧೯೬೪ರಲ್ಲಿ ಮರಳಿದರು. ಅದೇ ವರ್ಷ ಭಾರತೀಯ ನಾಟ್ಯ ಸಂಘದ ಆಶ್ರಯದಲ್ಲಿ ದೆಹಲಿಯಲ್ಲಿ ಕೊರಿಯಾಗ್ರಫಿಗೆಂದೇ ಒಂದು ಶಾಲೆ ತೆರೆಯಿತು. ಬೆನ್ನಿಗೆ ನಿಂತವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ಕನ್ನಡನಾಡಿನ ಇಬ್ಬರು ಹೆಂಗಸರು ಈ ಊರಿನಲ್ಲಿ ಇಂಥದೊಂದು ಶಾಲೆಯನ್ನು ಕಟ್ಟಿದರೆಂಬುದು ನಮಗೆ ಇಷ್ಟು ದಿನ ತಿಳಿದಿರಲಿಲ್ಲ. ತಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆವು.

ಕೊರಿಯಾಗ್ರಫಿ ಎಂದರೆ ಸಿನಿಮಾದ ಹಾಡಿಗೆ ಹೆಜ್ಜೆ ಹೇಳಿಕೊಡುವುದು ಎಂದು ನಾವು ತಿಳಿದಿದ್ದೆವು. ನೃತ್ಯವನ್ನು ಕಲಿಯುವುದು ಒಂದು, ಕಟ್ಟುವುದು ಇನ್ನೊಂದು. ಗುರುಗಳು ಕಲಿಸಿದ ತೋಡಾವನ್ನು ತಪ್ಪಿಲ್ಲದೆ ಆಡಿ ತೋರಿಸಿದರೆ ಕಲಿತಂತಾಯಿತು. ಹನ್ನೆರಡು ಮಂದಿಯನ್ನು ರಂಗದ ಮೇಲೆ ಎಲ್ಲೆಲ್ಲಿ ನಿಲ್ಲಿಸಬೇಕು, ಯಾರು ಯಾವಾಗ ಸುಮ್ಮನಿರಬೇಕು, ಬೆಳಕು ಎಲ್ಲಿ ಬೀಳಬೇಕು, ಒಂದು ಕಥೆಯನ್ನು ಮಾತಿಲ್ಲದೆ ಮೈಯಿಂದಲೇ ಹೇಗೆ ಮುಂದಕ್ಕೆ ನಡೆಸಬೇಕು—ಇದು ಕಟ್ಟುವವರ ಕೆಲಸ. ಮನೆ ಕಟ್ಟುವುದಕ್ಕೆ ಗಾರೆಯವರೂ ಬೇಕು, ನಕ್ಷೆಯವರೂ ಬೇಕು. ವಾಸ್ತುಶಿಲ್ಪಿಯ ಮಗಳು ಈ ವಿದ್ಯೆಯನ್ನು ಆರಿಸಿಕೊಂಡದ್ದು ನಮಗಂತೂ ಸೋಜಿಗವೆನಿಸಲಿಲ್ಲ.

ಈ ಶಾಲೆಗೆ ಕಲಿಯಲು ಬಂದವರಲ್ಲಿ ಒಬ್ಬರ ಹೆಸರನ್ನು ಕೇಳಿದರೆ ಉತ್ತರ ಕನ್ನಡದ ಬಂಧುಗಳು ನೆಟ್ಟಗೆ ಕೂರುವಿರಿ. ಅವರು ಕೆರೆಮನೆ ಶಂಭು ಹೆಗಡೆಯವರು. ತಂದೆ ಶಿವರಾಮ ಹೆಗಡೆಯವರು ೧೯೩೪ರಲ್ಲೇ ಇಡಗುಂಜಿ ಮೇಳವನ್ನು ಕಟ್ಟಿದವರು. ಚಂಡೆಯ ಸದ್ದಿನಲ್ಲೇ ಬೆಳೆದ ಮಗನಿಗೆ ಹೆಜ್ಜೆಗೇನು ಕೊರತೆಯಿತ್ತು? ಆದರೂ ಹೊನ್ನಾವರದ ಕಡೆಯಿಂದ ದೆಹಲಿಯವರೆಗೆ ಬಂದು ಮಾಯಾ ರಾವ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ತನ್ನ ಕಲೆಯನ್ನು ಬಿಟ್ಟುಕೊಡುವುದಕ್ಕಲ್ಲ. ಹೊರಗಿನಿಂದ ಒಮ್ಮೆ ನೋಡುವುದಕ್ಕೆ. ಊರಿಗೆ ಮರಳಿದವರು ಯಕ್ಷಗಾನವನ್ನೇ ಆಡಿದರು, ೧೯೮೬ರಲ್ಲಿ ಗುಣವಂತೆಯಲ್ಲಿ ಯಕ್ಷಗಾನ ಕಲಿಸುವ ಕೇಂದ್ರವನ್ನೂ ತೆರೆದರು, ೨೦೦೯ರಲ್ಲಿ ತೀರಿಕೊಳ್ಳುವವರೆಗೆ ಗೆಜ್ಜೆ ಬಿಚ್ಚಲಿಲ್ಲ. ಹೊಸ ವಿದ್ಯೆಯಿಂದ ಹಳೆಯದು ಕೆಡುತ್ತದೆಂದು ಹೆದರುವವರಿಗೆ ನಾವು ಈ ಒಬ್ಬರನ್ನು ತೋರಿಸಿದರೆ ಸಾಕು.

೧೯೮೭ರಲ್ಲಿ, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದಾಗ, ಅವರ ಆಹ್ವಾನದ ಮೇಲೆ ಶಾಲೆ ದೆಹಲಿಯನ್ನು ಬಿಟ್ಟು ಬೆಂಗಳೂರಿಗೆ ಹೋಯಿತು. ದೆಹಲಿಗೆ ನಷ್ಟ, ಮಲ್ಲೇಶ್ವರಕ್ಕೆ ಲಾಭ. ಅಲ್ಲಿ ಅದು ನಾಟ್ಯ ಇನ್‌ಸ್ಟಿಟ್ಯೂಟ್ ಆಫ್ ಕಥಕ್ ಅಂಡ್ ಕೊರಿಯಾಗ್ರಫಿ ಎಂದು ಹೆಸರಾಯಿತು. ಬೆಂಗಳೂರು ವಿಶ್ವವಿದ್ಯಾಲಯದ ಮನ್ನಣೆ ಪಡೆದು ಕೊರಿಯಾಗ್ರಫಿಯಲ್ಲಿ ಪದವಿ ಕೊಡಿಸಿತು. ನಮ್ಮ ತಾಯಿಯವರ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಕ್ಕಿತು, ಆದರೆ ಅವರು ಒಪ್ಪಿಲ್ಲ. ಹೊಯ್ಸಳ ವೈಭವದಿಂದ ಅಮೀರ್ ಖುಸ್ರೋವಿನವರೆಗೆ ಮಾಯಾ ರಾವ್ ಅವರು ರಂಗಕ್ಕೆ ತಂದ ವಸ್ತುಗಳು ಬಗೆಬಗೆಯವು. ನಿರುಪಮಾ–ರಾಜೇಂದ್ರ ದಂಪತಿಗಳು ಅವರ ಗರಡಿಯವರು. ಮಗಳು ಮಧು ನಟರಾಜ್ ಅವರು ೧೯೯೫ರಲ್ಲಿ ‘ಸ್ಟೆಮ್ ಡ್ಯಾನ್ಸ್ ಕಂಪನಿ’ ಎಂಬ ಸಮಕಾಲೀನ ನೃತ್ಯದ ತಂಡವನ್ನು ಕಟ್ಟಿದರು. ಸ್ಥಳ, ಕಾಲ, ಶಕ್ತಿ, ಚಲನೆ—ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳೇ ಆ ಹೆಸರು. ತಾಯಿಯ ಕಥಕ್ಕೂ ಮಗಳ ಹೊಸ ನೃತ್ಯವೂ ಒಂದೇ ಸೂರಿನಡಿ ಬೆಳೆದವು. ಅತ್ತೆ ಸೊಸೆಯರಾಗಿದ್ದರೆ ಹೀಗೆ ನಡೆಯುತ್ತಿತ್ತೋ ಇಲ್ಲವೋ! ಅದೇ ಕಾಲಕ್ಕೆ ಹೆಸರಘಟ್ಟದ ಬಳಿ ಪ್ರೊತಿಮಾ ಬೇಡಿಯವರ ನೃತ್ಯಗ್ರಾಮ (೧೯೯೦), ನಗರದಲ್ಲಿ ನೆಲೆಗೊಂಡ ಜಯಚಂದ್ರನ್ ಪಾಲಾಳಿಯವರ ಅಟ್ಟಕ್ಕಳರಿ (೧೯೯೨) ಹುಟ್ಟಿದುವು. ಹೊಸ ನೃತ್ಯ ಕಲಿಯಬೇಕೆಂಬ ಹುಡುಗಿ ಬೆಂಗಳೂರಿನ ಕಡೆಗೇ ಮುಖ ಮಾಡುವುದರಲ್ಲಿ ಅರ್ಥವಿದೆ. ಮಾಯಾ ರಾವ್ ಅವರು ೨೦೧೪ರಲ್ಲಿ ತೀರಿಕೊಂಡರು.

ಇನ್ನು ಲೆಕ್ಕದ ಮಾತು. ನಮ್ಮ ಮೇಜಿಗೆ ಶಿಕ್ಷಣ ಸಾಲದ ಅರ್ಜಿಗಳು ಬರುತ್ತವೆ. ಎಂಜಿನಿಯರಿಂಗಿಗೆ, ಎಂ.ಬಿ.ಎ.ಗೆ, ನರ್ಸಿಂಗಿಗೆ. ನೃತ್ಯಕ್ಕೆಂದು ಒಂದು ಅರ್ಜಿಯನ್ನೂ ನಾವು ಇದುವರೆಗೆ ಕಂಡಿಲ್ಲ. ಆದುದರಿಂದ ನಮ್ಮ ಹುಡುಗಿಯ ವಿಷಯದಲ್ಲಿ ನಾವೇ ಒಂದು ಹಾಳೆ ತೆಗೆದುಕೊಂಡು ಕುಳಿತೆವು. ಖರ್ಚಿನ ಕಡೆ ಬೇಗ ತುಂಬಿತು: ಫೀಸು, ಹಾಸ್ಟೆಲು, ವರ್ಷಕ್ಕೆರಡು ಸಲ ರೈಲು. ಆದಾಯದ ಕಡೆ ಪೆನ್ಸಿಲಿನಲ್ಲಿ ಬರೆದು ಎರಡು ಸಲ ಅಳಿಸಿದೆವು. ಶಾಲೆಗಳಲ್ಲಿ ನೃತ್ಯದ ಶಿಕ್ಷಕಿ, ರಂಗಭೂಮಿಯ ಕೆಲಸ, ತಂಡದಲ್ಲೊಂದು ಸ್ಥಾನ—ಯಾವುದಕ್ಕೂ ಖಾತರಿಯಿಲ್ಲ. ಸುಳ್ಳು ಹೇಳಿ ತಮ್ಮನ್ನು ಒಪ್ಪಿಸಲಾರೆವು. ಬಿ.ಕಾಂ.ಗೂ ಈಗ ಖಾತರಿಯಿಲ್ಲವೆಂದು ಹುಡುಗಿ ಹೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ.

ಸಂಘದ ವಿಷಯವಾಗಿಯೂ ಒಂದು ಮಾತು ಹೇಳಲೇಬೇಕು. ಎರಡು ವರ್ಷದ ಹಿಂದೆ ನಮ್ಮ ಮಕ್ಕಳ ನೃತ್ಯದ ತರಗತಿ ನಿಂತಿತು. “ಹಾಡು ಹಾಕಿದರೆ ಮಕ್ಕಳು ತಾವೇ ಕುಣಿಯುತ್ತಾರೆ, ಮೇಷ್ಟರೇಕೆ?” ಎಂದು ಸಭೆಯಲ್ಲಿ ಮಾತು ಬಂದಿತು. ಉಳಿತಾಯವೆಂದು ಕೈ ಎತ್ತಿದವರಲ್ಲಿ ನಾವೂ ಇದ್ದೆವು. ಹೋದ ರಾಜ್ಯೋತ್ಸವಕ್ಕೆ ಎಂಟು ಮಕ್ಕಳು ಪರದೆಯ ಪಕ್ಕದಲ್ಲಿ ನಿಂತ ತಾಯಂದಿರ ಕೈಸನ್ನೆ ನೋಡುತ್ತಲೇ ಕುಣಿದರು. ಒಬ್ಬ ಹುಡುಗ ಉಳಿದವರೆಲ್ಲ ತಿರುಗಿದ ಮೇಲೂ ಸಭೆಗೆ ಬೆನ್ನು ಹಾಕಿ ನಿಂತಿದ್ದ. ಎಲ್ಲರೂ ನಕ್ಕೆವು. ಅವನಿಗೆ ಯಾರೂ ಎಲ್ಲಿ ನಿಲ್ಲಬೇಕೆಂದು ಹೇಳಿರಲಿಲ್ಲವೆಂಬುದು ನಮಗೆ ಈಗ ತಿಳಿಯುತ್ತಿದೆ.

ನಮ್ಮ ಮನೆಯಲ್ಲಿ ಸದ್ಯಕ್ಕೆ ಆಗಿರುವ ರಾಜಿ ಇಷ್ಟು: ಹುಡುಗಿ ನೃತ್ಯಕ್ಕೂ ಬಿ.ಕಾಂ.ಗೂ ಎರಡಕ್ಕೂ ಅರ್ಜಿ ಹಾಕಬೇಕು. ಪರೀಕ್ಷೆಯಾದ ಮೇಲೆ ನಾವು ರಜೆ ಹಾಕಿ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು. ತಮ್ಮ ತಾಯಿಯವರೂ ಜೊತೆಗೆ ಬರುತ್ತಾರಂತೆ—ತಡೆಯುವುದಕ್ಕೋ ನೋಡುವುದಕ್ಕೋ ಹೇಳಿಲ್ಲ. ಅಲ್ಲಿಯವರೆಗೆ ಪ್ರತಿ ಭಾನುವಾರ ಸಾಯಂಕಾಲ ನಾಲ್ಕು ಗಂಟೆಗೆ, ಸಂಘದ ಹಿಂದಿನ ಕೋಣೆಯಲ್ಲಿ, ಮಕ್ಕಳಿಗೆ ಸಂಬಳವಿಲ್ಲದೆ ಕಲಿಸುವುದಾಗಿ ಅವಳು ಒಪ್ಪಿದ್ದಾಳೆ. ಕಾರ್ಯದರ್ಶಿಗಳು ಬೀಗದ ಕೈ ಕೊಟ್ಟಿದ್ದಾರೆ. ಆ ಕೋಣೆಯಲ್ಲಿ ಹಳೆಯ ಕುರ್ಚಿಗಳು ತುಂಬಿವೆ. ಬರುವ ಭಾನುವಾರ ಮೂರೂವರೆಗೆ ನಾಲ್ವರು ಗಂಡಸರು ಬಂದರೆ ಅವನ್ನು ಮೊದಲು ಹೊರಗೆ ಸಾಗಿಸಬಹುದು.