ಹೆಸರಿಲ್ಲದೆ ಬಂದ ಕೃತಜ್ಞತಾ ಗೀತೆ

(ಶತಮಾನೋತ್ಸವ ವರ್ಷದ ಉದ್ಘಾಟನೆಯಂದು ಬಲಿಪೂಜೆಯ ಬಳಿಕ ನೀಡಿದ ಭಾಷಣ)



ನಮ್ಮ ಗಾನವೃಂದದ ಯುವಕ ಯುವತಿಯರು ಈಗತಾನೆ ಹಾಡಿದ ‘ಗಿವ್ ಥ್ಯಾಂಕ್ಸ್’ ಎಂಬ ಆಂಗ್ಲ ಗೀತೆಯನ್ನು ತಾವೆಲ್ಲರೂ ಆಲಿಸಿದಿರಿ. ಕನ್ನಡ ಪೂಜೆಯಲ್ಲಿ ಇಂಗ್ಲಿಷ್ ಹಾಡೇಕೆಂದು ಹಿರಿಯರೊಬ್ಬರು ಆಕ್ಷೇಪಿಸಿದ್ದುಂಟು. ಆಕ್ಷೇಪ ನ್ಯಾಯವಾದುದೇ. ಆದರೂ ಆ ಗೀತೆಯ ಕರ್ತೃವಿನ ವೃತ್ತಾಂತವನ್ನು ಅರಿತ ಮೇಲೆ ಬೇಡವೆನ್ನಲು ನಮಗೆ ಮನಸ್ಸಾಗಲಿಲ್ಲ.

ಹೆನ್ರಿ ಸ್ಮಿತ್ ಅಮೆರಿಕದ ವರ್ಜೀನಿಯ ರಾಜ್ಯದ ವಿಲಿಯಮ್ಸ್‌ಬರ್ಗ್ ಊರಿನ ಸಭೆಯೊಂದರ ಸದಸ್ಯರಾಗಿದ್ದರು. ದೈವಶಾಸ್ತ್ರದ ಅಧ್ಯಯನ ಮುಗಿಸಿದ್ದರೂ ಸ್ಥಿರವಾದ ಉದ್ಯೋಗವಿಲ್ಲ. ಸಾಲದೆಂಬಂತೆ ಕ್ರಮೇಣ ದೃಷ್ಟಿಯನ್ನು ಕಸಿಯುವ ನೇತ್ರವ್ಯಾಧಿ. ಹೀಗಿರುವಾಗ, ಐಶ್ವರ್ಯವಂತರಾಗಿದ್ದ ಕ್ರಿಸ್ತರು ನಮಗೋಸ್ಕರ ಬಡವರಾದರೆಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದ ಮಾತನ್ನು ತಮ್ಮ ಸಭಾಪಾಲಕರ ಪ್ರಬೋಧನೆಯಲ್ಲಿ ಕೇಳಿದರು. 1978ರಲ್ಲಿ ಗೀತೆ ಹುಟ್ಟಿತು. ಕೆಲಸ ಸಿಕ್ಕಿತೆಂದಾಗಲಿ, ಕಣ್ಣು ವಾಸಿಯಾಯಿತೆಂದಾಗಲಿ ಬರೆದ ಸ್ತೋತ್ರವಲ್ಲ ಅದು. ಕಣ್ಣು ವಾಸಿಯಾಗಲೂ ಇಲ್ಲ. ಹರಕೆ ಫಲಿಸಿದ ಮೇಲೆ ಮಾತ್ರ ಮೇಣದಬತ್ತಿ ಹಚ್ಚುವ ನಮಗೆ ಇದು ತುಸು ಮುಜುಗರದ ಸಂಗತಿ. ಆದರೆ ಪ್ರಭುವು ರೊಟ್ಟಿಯನ್ನು ತೆಗೆದುಕೊಂಡು ಕೃತಜ್ಞತೆ ಸಲ್ಲಿಸಿದ್ದು ತಮ್ಮನ್ನು ಹಿಡಿದೊಪ್ಪಿಸಿದ ರಾತ್ರಿಯಲ್ಲಿಯೇ ಅಲ್ಲವೇ? ಯೂಕರಿಸ್ತಿಯ ಎಂಬ ಗ್ರೀಕ್ ಪದಕ್ಕೆ ಕೃತಜ್ಞತೆಯೆಂದೇ ಅರ್ಥ.

ಆ ಚಿಕ್ಕ ಸಭೆಯಲ್ಲಿ ಕೇಳಿದವರು ಗೀತೆಯನ್ನು ಬಾಯಿಂದ ಬಾಯಿಗೆ ದೂರ ದೇಶಗಳಿಗೂ ಒಯ್ದರು. 1986ರಲ್ಲಿ ಡಾನ್ ಮೊಯೆನ್ ಅವರ ಕಂಠದಲ್ಲಿ ಧ್ವನಿಮುದ್ರಣವಾದಾಗ, ಕರ್ತೃ ಅಜ್ಞಾತರೆಂದೇ ಪ್ರಕಾಶಕರು ನಮೂದಿಸಿದ್ದರು. ಸ್ಮಿತ್ ಅವರ ಹೆಸರು ಸೇರಿದ್ದು ಆಮೇಲೆ.

ಇದನ್ನು ಓದಿದಾಗ ನಮ್ಮ ದೇವಾಲಯದ ಹಳೆಯ ಲೆಕ್ಕದ ಪುಸ್ತಕ ನೆನಪಾಯಿತು. ಗಂಟೆ ಕೊಟ್ಟವರ ಹೆಸರಿದೆ, ಪೀಠ ಮಾಡಿಸಿದವರ ಹೆಸರಿದೆ. ಕಲ್ಲು, ಗಾರೆ ಹೊತ್ತವರ ವಿಷಯದಲ್ಲಿ ‘ಕೂಲಿಯಾಳುಗಳು’ ಎಂಬ ಒಂದೇ ಪದ. ಅವರಲ್ಲಿ ಅನೇಕರು ಇದೇ ಧರ್ಮಕೇಂದ್ರದ ವಿಶ್ವಾಸಿಗಳು. ವಾರದಲ್ಲಿ ಒಂದು ದಿನದ ಕೂಲಿಯನ್ನು ದೇವರಿಗೆಂದು ಬಿಟ್ಟುಕೊಟ್ಟವರೆಂದು ಹಿರಿಯರು ಹೇಳುತ್ತಾರೆ. ನಾವು ಸಿದ್ಧಪಡಿಸಿದ ದಾನಿಗಳ ಪಟ್ಟಿಯಲ್ಲಿಯೂ ಅವರಿಲ್ಲ. ಈ ಲೋಪ ನಮ್ಮದೇ.

ಅಜ್ಜ ಅಜ್ಜಿಯರ ಬಾಯಿಂದ ಅಂಥ ಹೆಸರುಗಳನ್ನು ಕೇಳಿದವರು ಮುಂದಿನ ಭಾನುವಾರದೊಳಗೆ ಗುರುನಿವಾಸಕ್ಕೆ ಬಂದು ಬರೆಸಿರಿ. ಸ್ಮರಣ ಸಂಚಿಕೆಯಲ್ಲಿ ಒಂದು ಪುಟವನ್ನು ಖಾಲಿಯಿರಿಸಿದ್ದೇವೆ.