ಅಟ್ಟ ಸೇರದ ಕಾಲು

ಋಗ್ವೇದದಲ್ಲಿ ವಿಶ್ಪಲೆಯ ಪ್ರಸ್ತಾಪವಿದೆ. ಕಾಳಗದಲ್ಲಿ ಕಾಲು ಕಳೆದುಕೊಂಡ ಅವಳಿಗೆ ಅಶ್ವಿನೀದೇವತೆಗಳು ಆ ಇರುಳೇ ಲೋಹದ ಕಾಲನ್ನು ಜೋಡಿಸಿದರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ದೇವವೈದ್ಯರಿಗೆ ಒಂದು ರಾತ್ರಿ ಸಾಕಾಯಿತು. ಮನುಷ್ಯಮಾತ್ರರಾದ ನಮಗೆ ಈ ವಿದ್ಯೆ ಕೈಹತ್ತಲು ವರ್ಷಗಳೇ ಬೇಕು. ಕೃತಕ ಅಂಗಗಳನ್ನು ಮಾಡುವುದರಲ್ಲಿ, ಮಾಡುವುದನ್ನು ಕಲಿಸುವುದರಲ್ಲಿ ನನ್ನ ಆಯುಷ್ಯದ ಬಹುಭಾಗ ಸಂದಿದೆ. ಆ ಅನುಭವದ ಒಂದೆರಡು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ಕತ್ತರಿಸಿದ ಕಾಲಿನ ತುದಿಯೇ ದೇಹದ ಭಾರವನ್ನು ಹೊರುತ್ತದೆಂದು ಅನೇಕರು ತಿಳಿದಿದ್ದಾರೆ. ಮಂಡಿಯ ಕೆಳಗೆ ಕಾಲು ಹೋದವರಲ್ಲಿ ಆ ತುದಿ ಸಾಮಾನ್ಯವಾಗಿ ಭಾರ ತಾಳದು. ಮಂಡಿಚಿಪ್ಪಿನ ಕೆಳಗಿನ ಗಟ್ಟಿನರದಂಥ ಸಹಿಷ್ಣು ಭಾಗಗಳಿಗೆ ಆ ಹೊರೆಯನ್ನು ಹಂಚಬೇಕು. ಮೊಂಡಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದು, ಅದರೊಳಗೆ ಪ್ಲಾಸ್ಟರ್ ಹೊಯ್ದು ಪ್ರತಿಕೃತಿಯೊಂದನ್ನು ಪಡೆಯುತ್ತೇವೆ. ಬಳಿಕ ಭಾರ ತಾಳುವೆಡೆ ಅದನ್ನು ಹೆರೆಯುತ್ತೇವೆ. ಎಲುಬು ಚರ್ಮಕ್ಕೆ ಹತ್ತಿರವಿರುವೆಡೆ ಪ್ಲಾಸ್ಟರ್ ಮೆತ್ತಿ ಉಬ್ಬಿಸುತ್ತೇವೆ. ಕಾಲು ಕೂರುವ ಸಾಕೆಟ್ಟು ಇದರ ಮೇಲೆಯೇ ರೂಪುಗೊಳ್ಳುತ್ತದೆ. ಯಥಾವತ್ತಾದ ಪ್ರತಿಕೃತಿ ಶಿಲ್ಪಿಗೆ ಗುಣವಾದೀತು, ನಮಗೆ ಅದೇ ದೋಷ. ಇಂದು ಅಳತೆಗೆ ಗಣಕಯಂತ್ರವೂ ಬಂದಿದೆ. ಆದರೆ ಎಲ್ಲಿ ಹೆರೆಯಬೇಕು, ಎಷ್ಟು ಹೆರೆಯಬೇಕೆಂಬುದನ್ನು ವಿದ್ಯಾರ್ಥಿಯ ಬೆರಳೇ ರೋಗಿಯ ಕಾಲನ್ನು ಮುಟ್ಟಿ ಅರಿಯಬೇಕು.

ಇಷ್ಟಾದರೂ ಸಾಲದು. ವಿದೇಶೀ ಮಾದರಿಯ ಪಾದಕ್ಕೆ ಬೂಟು ಬೇಕಿತ್ತು. ಅದರ ಹರಡು ಬಾಗುತ್ತಿರಲಿಲ್ಲ. ಕೆಸರುಗದ್ದೆಗಿಳಿಯುವವನಿಗೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವವನಿಗೆ, ಬರಿಗಾಲಲ್ಲಿ ಗುಡಿಯ ಹೊಸ್ತಿಲು ದಾಟುವವನಿಗೆ ಅದರಿಂದ ಏನು ಪ್ರಯೋಜನ? ಅಂಥ ಕಾಲು ಅಟ್ಟ ಸೇರುತ್ತಿತ್ತು. 1960ರ ದಶಕದ ಕೊನೆಯಲ್ಲಿ ಜಯಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಇದಕ್ಕೆ ಉತ್ತರ ಹುಟ್ಟಿತು. ಶಸ್ತ್ರವೈದ್ಯ ಪಿ. ಕೆ. ಸೇಠಿ ಮತ್ತು ಹೆಚ್ಚು ಶಾಲೆ ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮ ಕೂಡಿ, ರಬ್ಬರಿನಿಂದ ನಿಜಪಾದದ ಆಕಾರದ, ಎಲ್ಲ ಕಡೆಗೂ ಮಣಿಯುವ ಪಾದವನ್ನು ಮಾಡಿದರು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಶರ್ಮರ ಹೆಸರು ಅಷ್ಟಾಗಿ ಲೋಕದ ಕಿವಿಗೆ ಬೀಳಲಿಲ್ಲ. ತರಗತಿಯಲ್ಲಿ ನಾನು ಮಾತ್ರ ಎರಡೂ ಹೆಸರುಗಳನ್ನು ಜೊತೆಯಾಗಿಯೇ ಹೇಳುತ್ತೇನೆ. ಗ್ರಂಥವನ್ನೇ ನೆಚ್ಚಿ ಕೈಯನ್ನು ಕೀಳಾಗಿ ಕಂಡರೆ ನಮ್ಮ ವಿದ್ಯೆಗೆ ಒಂದು ಕಾಲು ಹೋದಂತೆಯೇ.

ನಮ್ಮ ಕಸಬಿಗೆ ಇನ್ನೊಂದು ಮುಖವೂ ಉಂಟು: ಇರುವ ಅಂಗಕ್ಕೆ ಆಸರೆ ಕಟ್ಟುವುದು. ಒಂದು ಕಾಲದಲ್ಲಿ ಪೋಲಿಯೊ ಬಡಿದ ಮಕ್ಕಳ ಕ್ಯಾಲಿಪರುಗಳೇ ನಮ್ಮ ಕಾರ್ಯಾಗಾರಗಳನ್ನು ತುಂಬಿದ್ದವು. 2011ರ ಜನವರಿಯ ನಂತರ ಭಾರತದಲ್ಲಿ ಕಾಡುಪೋಲಿಯೊ ಕಾಣಿಸಿಕೊಂಡಿಲ್ಲ. 2014ರಲ್ಲಿ ದೇಶಕ್ಕೆ ಪೋಲಿಯೊಮುಕ್ತವೆಂಬ ಮನ್ನಣೆ ದೊರೆಯಿತು. ಕೆಲಸ ಕಡಿಮೆಯಾಯಿತೆಂದು ಹಿಗ್ಗುವ ಭಾಗ್ಯ ಎಷ್ಟು ಕಸಬುಗಳಿಗಿದೆ? ಆದರೆ ಈಗ ಸಕ್ಕರೆ ಕಾಯಿಲೆ ಕಾಲುಗಳನ್ನು ಕಸಿಯುತ್ತಿದೆ. ಸ್ಪರ್ಶಜ್ಞಾನವಿಲ್ಲದ ಅಂಗಾಲಿನ ಹುಣ್ಣು ಮುಂದೊಂದು ದಿನ ಕಾಲನ್ನೇ ಬೇಡೀತು. ಹೊತ್ತಿಗೆ ಸರಿಯಾಗಿ ಒದಗಿಸಿದ ಮೆತ್ತನೆಯ ಪಾದರಕ್ಷೆ ಆ ಕಾಲನ್ನು ಉಳಿಸೀತು.

ಹೊಸ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಅಳತೆಪಟ್ಟಿ ಹಿಡಿಯುವ ಮೊದಲು, ಬಂದವರನ್ನು ಅವರು ಎಲ್ಲಿ ಕೂರುತ್ತಾರೆ, ಏನು ದುಡಿಯುತ್ತಾರೆ, ಯಾವ ದಾರಿಯಲ್ಲಿ ನಡೆಯುತ್ತಾರೆ ಎಂದು ಕೇಳಿ. ಕಾಲನ್ನು ಮಾಡುವವರು ನಾವಾದರೂ ಅದರ ಪರೀಕ್ಷಕರು ಅವರೇ.