ಸಹಿ ಯಾರದು?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ತಿಂಗಳ ಗೋಷ್ಠಿಗೆ ಪೂಜ್ಯರು ಕೊಟ್ಟಿರುವ ವಿಷಯ ‘ನಡೆ-ನುಡಿ ಮತ್ತು ಪ್ರಜಾಪ್ರಭುತ್ವ’. ನಾನು ವಿದ್ವಾಂಸನಲ್ಲ. ಸರಕಾರಿ ಕೆಲಸದಲ್ಲಿ ಕಾಲುವೆ ಅಳೆಯುತ್ತ ಕಾಲ ಕಳೆದವನು. ಆದ್ದರಿಂದ ಕಣ್ಣಾರೆ ಕಂಡ ಒಂದು ಸಂಗತಿಯಿಂದ ಆರಂಭಿಸುತ್ತೇನೆ.

2007ರ ಮೇ ತಿಂಗಳು. ಆಗಷ್ಟೇ ನಿವೃತ್ತನಾಗಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಒಬ್ಬ ವೃದ್ಧೆ ಇದ್ದರು. ‘ಯುದ್ಧ ನಿಲ್ಲಿಸಿ’ ಎಂಬ ಫಲಕವನ್ನು ಅಂಗಳದಲ್ಲಿ ನೆಟ್ಟಿದ್ದರು. ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಅದನ್ನು ತಾವೇ ಕಿತ್ತು ಒಳಗಿಟ್ಟರು. ಏಕೆಂದು ಕೇಳಿದೆ. “ಮತ ಹಾಕಿದ್ದಾಯಿತು, ಗೆಲ್ಲಿಸಿದ್ದೂ ಆಯಿತು. ಇನ್ನೇನು ಮಾಡಲಿ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಆಗಿದ್ದು ಇಷ್ಟು. ಇರಾಕಿನಲ್ಲಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂದು ಹೇಳಿ ಅಧ್ಯಕ್ಷ ಜಾರ್ಜ್ ಬುಷ್ 2003ರ ಮಾರ್ಚಿನಲ್ಲಿ ಯುದ್ಧ ಆರಂಭಿಸಿದರು. ಅಸ್ತ್ರಗಳು ಸಿಗಲಿಲ್ಲ. ಹೆಣಗಳು ಮಾತ್ರ ಬರುತ್ತಲೇ ಇದ್ದವು. ಜನ ಬೇಸತ್ತರು. 2006ರ ನವೆಂಬರ್ ಚುನಾವಣೆಯಲ್ಲಿ ವಿರೋಧಿ ಡೆಮಾಕ್ರಟಿಕ್ ಪಕ್ಷಕ್ಕೆ ಸಂಸತ್ತಿನ ಎರಡೂ ಮನೆಗಳನ್ನು ಕೊಟ್ಟರು. ಯುದ್ಧದ ಮೇಲಿನ ಸಿಟ್ಟು ಅದಕ್ಕೆ ದೊಡ್ಡ ಕಾರಣ. ಎರಡೇ ತಿಂಗಳಲ್ಲಿ, 2007ರ ಜನವರಿಯಲ್ಲಿ, ಇನ್ನೂ 20 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸುವುದಾಗಿ ಬುಷ್ ಘೋಷಿಸಿದರು.

ಫೆಬ್ರವರಿಯಲ್ಲಿ ಕೆಳಮನೆ ಅದನ್ನು ಒಪ್ಪುವುದಿಲ್ಲವೆಂಬ ನಿರ್ಣಯ ಮಾಡಿತು. ಆದರೆ ಅದು ಯಾರನ್ನೂ ಕಟ್ಟಿಹಾಕದ ನಿರ್ಣಯ. ಅನಂತರ ಸೇನೆ ಹಿಂತೆಗೆಯಲು ಕಾಲಮಿತಿ ಹಾಕಿ ಯುದ್ಧದ ಹಣದ ಮಸೂದೆ ಪಾಸು ಮಾಡಿದರು. ಮೇ 1ರಂದು ಬುಷ್ ಅದನ್ನು ತಿರಸ್ಕರಿಸಿದರು. ತಿರಸ್ಕಾರವನ್ನು ಮೀರಲು ಮೂರರಲ್ಲಿ ಎರಡು ಪಾಲು ಮತ ಬೇಕು. ಮರುದಿನ ಕೆಳಮನೆಯಲ್ಲಿ ಬಿದ್ದದ್ದು 222-203. ಸಾಲಲಿಲ್ಲ. ಮೇ 24ರಂದು ಕಾಲಮಿತಿ ತೆಗೆದುಹಾಕಿ ಹಣ ಮಂಜೂರು ಮಾಡಿದರು. ಕೆಳಮನೆಯಲ್ಲಿ 280-142, ಮೇಲ್ಮನೆಯಲ್ಲಿ 80-14.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಕೆಳಮನೆಯ ಸಭಾಧ್ಯಕ್ಷೆ ನ್ಯಾನ್ಸಿ ಪೆಲೋಸಿ ಸ್ವತಃ ವಿರುದ್ಧವಾಗಿ ಮತ ಹಾಕಿದರು. ಅವರ ಪಕ್ಷದ ಹೆಚ್ಚಿನವರೂ ಹಾಗೆಯೇ ಮಾಡಿದರು. ಆದರೆ ಆ ಮಸೂದೆ ಮತಕ್ಕೆ ಬರಲು ಹಾದಿ ಮಾಡಿಕೊಟ್ಟದ್ದು ಅದೇ ಪಕ್ಷದ ನಾಯಕತ್ವ. ಹಣವೂ ಹೋಯಿತು, ‘ನಾವು ವಿರೋಧಿಸಿದ್ದೆವು’ ಎಂಬ ಮಾತೂ ಉಳಿಯಿತು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡು ಬೀದಿಗಿಳಿದಿದ್ದ ಸಿಂಡಿ ಶೀಹನ್ ಎಂಬ ತಾಯಿ ಕೆಲವೇ ದಿನಗಳಲ್ಲಿ ಚಳವಳಿಗೆ ಬೇಸರದಿಂದ ವಿದಾಯ ಹೇಳಿದರು.

ಅವರ ಸಮರ್ಥನೆಯನ್ನೂ ಕೇಳಬೇಕು. ಹಣ ನಿಲ್ಲಿಸಿದರೆ ರಣರಂಗದಲ್ಲಿರುವ ನಮ್ಮ ಹುಡುಗರ ಗತಿ ಏನು ಎಂದರು. ಅದು ಪೂರ್ತಿ ಸುಳ್ಳಲ್ಲ. ಬಹುಮತ ತೆಳುವಾಗಿದ್ದುದೂ ನಿಜ. ಆದರೆ ತಿರಸ್ಕಾರ ಮೀರಲು ಮೂರರಲ್ಲಿ ಎರಡು ಪಾಲು ಬೇಕು. ಹಣ ಕೊಡದಿರಲು ಅಷ್ಟು ಬೇಡ. ಮಸೂದೆ ಮುಂದೆ ಸರಿಯದಿದ್ದರೆ ಹಣ ಹೊರಡುವುದಿಲ್ಲ.

ಇದನ್ನು ನಾನು ಇಷ್ಟು ಖಚಿತವಾಗಿ ಹೇಳಲು ಒಂದು ಕಾರಣವಿದೆ. ಅದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕು. ಸೇವೆಯಲ್ಲಿದ್ದಾಗ ಒಂದು ಉಪಕಾಲುವೆಯ ಲೈನಿಂಗ್ ಕೆಲಸ ಕಳಪೆ ಎಂದು ಕಡತದಲ್ಲಿ ಬರೆದೆ. ಮೇಲಿನಿಂದ ಒತ್ತಡ ಬಂತು. ಅದೇ ವಾರ ಅಳತೆ ಪುಸ್ತಕಕ್ಕೆ ಸಹಿ ಮಾಡಿದೆ, ಬಿಲ್ಲು ಪಾಸಾಯಿತು. ವಿರೋಧ ಬರೆದಿದ್ದೇನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮುಂದಿನ ಮಳೆಗಾಲಕ್ಕೆ ಲೈನಿಂಗ್ ಕುಸಿಯಿತು. ಕಾಲುವೆಯ ಕೊನೆಯಲ್ಲಿದ್ದ ಹೊಲದ ರೈತನೊಬ್ಬ ಬಂದು ಕೇಳಿದ: “ಸಾಹೇಬರ, ಬ್ಯಾಡ ಅಂತ ಬರದವರೂ ನೀವ ಅಂತ, ಸಹಿ ಮಾಡಿದವರೂ ನೀವ ಅಂತ. ನಾವು ನೀರು ಯಾರನ್ನ ಕೇಳೂಣ್ರಿ?” ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಪರಂಪರೆಯಲ್ಲಿ ಈ ಪ್ರಶ್ನೆ ಹೊಸದಲ್ಲ. ಆಯ್ದಕ್ಕಿ ಮಾರಯ್ಯ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಲಕ್ಕಮ್ಮ ತಾಯಿ ಅದನ್ನು ಮಡಕೆಗೆ ಸುರಿಯಲಿಲ್ಲ. ಇಷ್ಟೇಕೆ ತಂದಿರಿ ಎಂದು ಕೇಳಿ, ಹಿಂದಿರುಗಿಸಿ ಬರಲು ಹೇಳಿದರು. ಆಕೆ ಪ್ರಶ್ನಿಸಿದ್ದು ಪರರನ್ನಲ್ಲ, ತನ್ನ ಪತಿಯನ್ನು. ಮನೆಯವರೆಂದು ಸುಮ್ಮನಿರಲಿಲ್ಲ.

ಆ ವೃದ್ಧೆಯಂಥ ಮತದಾರರು ಬುಷ್ ಅವರನ್ನು ಕೇಳಿ ಕೇಳಿ ದಣಿದಿದ್ದರು. ತಾವೇ ಗೆಲ್ಲಿಸಿದವರನ್ನು ಕೇಳುವ ಹೊತ್ತಿಗೆ ಅನೇಕರು ಸೋತು ಕುಳಿತರು. ಸಿಂಡಿ ಶೀಹನ್ ಮಾತ್ರ ಮತ್ತೆ ಎದ್ದು 2008ರಲ್ಲಿ ಪೆಲೋಸಿಯವರ ಕ್ಷೇತ್ರದಲ್ಲೇ ಅವರೆದುರು ನಿಂತರು. ಸೋತರು, ಆದರೆ ಎರಡನೆಯ ಸ್ಥಾನ ಪಡೆದರು. ಅಮೆರಿಕದ ಸೇನೆ ಇರಾಕ್ ಬಿಟ್ಟದ್ದು 2011ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಸುಮಾರು 4,500 ಅಮೆರಿಕನ್ ಸೈನಿಕರು, ಲಕ್ಷಕ್ಕೂ ಮಿಕ್ಕಿ ಇರಾಕಿ ನಾಗರಿಕರು ಸತ್ತಿದ್ದರು.

ಇದು ದೂರದ ದೇಶದ ಕಥೆ ಎನ್ನಬೇಡಿ. ನಾವೂ ಮತ ಹಾಕಿ ಮನೆಗೆ ಹೋಗುತ್ತೇವೆ. ಗೆದ್ದವರು ಮಠಕ್ಕೆ ಬಂದರೆ ಹಾರ ಹಾಕುತ್ತೇವೆ. ‘ನಮ್ಮವರಲ್ಲವೇ’ ಎಂದು ಲೆಕ್ಕ ಕೇಳುವುದಿಲ್ಲ. ಜಾತಿ ನೋಡಿ ಲೆಕ್ಕ ಬಿಡುವವರು ಬಸವಣ್ಣನವರ ಹೆಸರು ಹೇಗೆ ಹೇಳುವುದು? ಭಾಷಣ ಏನು ಮಾಡಿದಿರಿ ಎಂದು ಕೇಳಬೇಡಿ. ಯಾವ ಮಸೂದೆಗೆ ಕೈ ಎತ್ತಿದಿರಿ, ಯಾವ ಹಣಕ್ಕೆ ಒಪ್ಪಿಗೆ ಕೊಟ್ಟಿರಿ ಎಂದು ಕೇಳಿ. ಮೊದಲು ನಮ್ಮವರನ್ನೇ ಕೇಳಿ. ನನ್ನಂಥ ನಿವೃತ್ತ ನೌಕರರನ್ನೂ ಬಿಡಬೇಡಿ.

ಆ ವೃದ್ಧೆ ಇನ್ನೊಮ್ಮೆ ಸಿಕ್ಕರೆ ಹೇಳುತ್ತಿದ್ದೆ: ತಾಯಿ, ಫಲಕವನ್ನು ಮತ್ತೆ ನೆಡಿ. ಈ ಸಲ ನೀವು ಗೆಲ್ಲಿಸಿದವರ ಬಾಗಿಲ ಮುಂದೆ.